ಕೊಟೇಶನ್ ಕಳಿಸುವ ಮುಂಚೆ: ಯಾವ ಮಾತು ಆಫರ್, ಯಾವುದು ಅಲ್ಲ

ನಾನು ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಶಾಲೆ ಡೈರಿ, ಎಲ್ಲ ಮಾಡುತ್ತೇವೆ. ದಿನಕ್ಕೆ ಐದಾರು ಜನ "ರೇಟ್ ಎಷ್ಟಾಗುತ್ತೆ ಹೇಳಿ" ಅಂತ ಕೇಳುತ್ತಾರೆ, ನಾನು ಹೇಳುತ್ತೇನೆ. ಎಷ್ಟೋ ವರ್ಷ ಇದನ್ನು ಬರೀ ವ್ಯಾಪಾರದ ಮಾತು ಅಂದುಕೊಂಡಿದ್ದೆ. ಅದು ಕಾನೂನಿನ ಮಾತೂ ಹೌದು ಅಂತ ಗೊತ್ತಾಗಿದ್ದು ಒಂದು ಡೈರಿ ಕೆಲಸದಿಂದ.

ಒಂದು ಶಾಲೆಯವರು ಮಾರ್ಚ್‌ನಲ್ಲಿ 1,200 ಡೈರಿಗೆ ರೇಟ್ ಕೇಳಿದರು. 96 ಪುಟ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಪೇಪರ್, ಬಣ್ಣದ ಕವರ್, ಅದಕ್ಕೆ ಲ್ಯಾಮಿನೇಷನ್, ಸೆಂಟರ್ ಪಿನ್. ಒಂದಕ್ಕೆ 48 ರೂಪಾಯಿ ಅಂತ ಲೆಟರ್‌ಹೆಡ್ ಮೇಲೆ ಬರೆದು, ಸಹಿ ಮಾಡಿ, ಸೀಲ್ ಒತ್ತಿ, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ನಾನೂ ಮರೆತುಬಿಟ್ಟೆ. ಜೂನ್ ಮೊದಲ ವಾರ, ಶಾಲೆ ಶುರುವಾದ ಮೇಲೆ, "ನಿಮ್ಮ ಕೊಟೇಶನ್ ಒಪ್ಪಿದ್ದೇವೆ, ಹತ್ತು ದಿನದಲ್ಲಿ ಡೈರಿ ಬೇಕು" ಅಂತ ಪತ್ರ ಬಂತು. ಅಷ್ಟರಲ್ಲಿ ಪೇಪರ್ ರೇಟ್ ಏರಿತ್ತು. 48ಕ್ಕೆ ಮಾಡಿದರೆ ಕೈಯಿಂದ ದುಡ್ಡು ಹಾಕಬೇಕು. ಹೋಗಿ ಹೇಳಿದೆ, "ಸರ್, ಆ ರೇಟಿಗೆ ಈಗ ಆಗಲ್ಲ." ಅವರು ನಾನೇ ಕಳಿಸಿದ ಕೊಟೇಶನ್ನಿನ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು, "ಇದು ನಿಮ್ಮದೇ ಸಹಿ ಅಲ್ವಾ?" ಅಂದರು.

ಸಹಿ ನನ್ನದೇ. ಕೆಲಸ ಮಾಡಿಕೊಟ್ಟೆ, ನಷ್ಟದಲ್ಲಿ.

ನಮ್ಮಲ್ಲಿ ಲೆಟರ್‌ಹೆಡ್ ಮಾಡಿಸುವ ವಕೀಲರೊಬ್ಬರಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ ರೇಟ್ ಎಷ್ಟು ದಿನಕ್ಕೆ ಅಂತ ಬರೆದಿದ್ರಾ?" ಬರೆದಿರಲಿಲ್ಲ. ಆಮೇಲೆ ಅವರೇ ಒಂದು ತೆಳ್ಳನೆಯ ಪುಸ್ತಕ ಕೊಟ್ಟರು, ಭಾರತೀಯ ಕರಾರು ಕಾಯ್ದೆ, 1872. ಅದರ ಮೊದಲ ಹತ್ತು ಸೆಕ್ಷನ್ ಓದಿದರೆ ಸಾಕು, ನಮ್ಮಂಥವರ ಅರ್ಧ ಜಗಳ ಹುಟ್ಟುವ ಜಾಗವೇ ಕಾಣುತ್ತದೆ. ಓದಿದ್ದನ್ನು, ಅನುಭವಿಸಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕೊಟೇಶನ್ ಕೊಡುವವರು, ಮನೆ ಬಾಡಿಗೆಗೆ ಕೊಡುವವರು, ಸೈಟ್ ಕೊಳ್ಳುವವರು, ಹಳೆ ಗಾಡಿ ಮಾರುವವರು, ಎಲ್ಲರಿಗೂ ಇದು ಬೇಕಾಗುತ್ತದೆ.

ಆಫರ್ ಅಂದರೆ ಏನು

ಕಾಯ್ದೆ ಇದನ್ನು ಪ್ರಸ್ತಾಪ ಅನ್ನುತ್ತದೆ. ಸೆಕ್ಷನ್ 2(ಎ) ಹೇಳುವುದು ಇಷ್ಟು: ಒಂದು ಕೆಲಸ ಮಾಡಲು, ಅಥವಾ ಮಾಡದೆ ಇರಲು, ನಾನು ಸಿದ್ಧ ಅಂತ ಇನ್ನೊಬ್ಬರಿಗೆ ತಿಳಿಸುವುದು, ಅವರ ಒಪ್ಪಿಗೆ ಪಡೆಯಬೇಕು ಅನ್ನುವ ಉದ್ದೇಶದಿಂದ. ಅವರು ಒಪ್ಪಿದರೆ ಅದು ವಾಗ್ದಾನ. ಎರಡೂ ಕಡೆಯಿಂದ ಕೊಡು-ತಗೋ ಇದ್ದು, ಕಾನೂನು ಅದನ್ನು ಜಾರಿ ಮಾಡಿಸುವ ಹಾಗಿದ್ದರೆ ಅದೇ ಕರಾರು. ಛಾಪಾ ಕಾಗದ ಬೇಕು, ಸಾಕ್ಷಿ ಬೇಕು ಅಂತ ಇಲ್ಲಿ ಎಲ್ಲೂ ಇಲ್ಲ. ಕೆಲವು ವ್ಯವಹಾರಕ್ಕೆ ಬೇರೆ ಕಾಯ್ದೆಗಳು ಬರವಣಿಗೆ, ರಿಜಿಸ್ಟ್ರೇಷನ್ ಕೇಳುತ್ತವೆ, ಅದು ಬೇರೆ. ಉಳಿದಂತೆ ಬಾಯಿಮಾತಿನಲ್ಲೂ ಕರಾರು ಆಗುತ್ತದೆ. ತುಂಬಾ ಜನ ನಂಬಿರುವುದು ಇದರ ಉಲ್ಟಾ, "ಅಗ್ರಿಮೆಂಟ್ ಮಾಡಿಲ್ಲವಲ್ಲ, ಹಾಗಾಗಿ ಏನೂ ಇಲ್ಲ" ಅಂತ.

ನಾನು ಈಗ ಏನಾದರೂ ಕಳಿಸುವ ಮುಂಚೆ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎದುರಿನವರು ಇದಕ್ಕೆ ಬರೀ "ಸರಿ" ಅಂತ ಉತ್ತರಿಸಿದರೆ ವ್ಯವಹಾರ ಮುಗಿದ ಹಾಗೆ ಆಗುತ್ತದಾ? ಹೌದು ಅಂತಾದರೆ ನಾನು ಕಳಿಸುತ್ತಿರುವುದು ಆಫರ್. "ಸರಿ" ಅಂದ ಮೇಲೂ ನಾನು ಇನ್ನೊಂದು ಸಲ ಯೋಚಿಸಿ ಹೂಂ ಅನ್ನಬೇಕಾಗಿದ್ದರೆ ಅದು ಆಫರ್ ಅಲ್ಲ, ಬರೀ ಆಹ್ವಾನ, ಅಂದರೆ "ಬನ್ನಿ, ನೀವೇ ಒಂದು ಆಫರ್ ಕೊಡಿ" ಅಂತ ಕರೆಯುವುದು.

ಈ ಎರಡರ ನಡುವಿನ ಗೆರೆ ಕಂಡರೆ ಉಳಿದದ್ದೆಲ್ಲ ಸುಲಭ. ಮನೆ ಮುಂದೆ ನೇತುಹಾಕಿದ "ಟು ಲೆಟ್" ಬೋರ್ಡು ಆಹ್ವಾನ. ನೀವು ಹೋಗಿ "ನನಗೆ ಓಕೆ" ಅಂದ ಮಾತ್ರಕ್ಕೆ ಓನರ್ ಮನೆ ಕೊಡಲೇಬೇಕು ಅಂತಿಲ್ಲ. ಅಂಗಡಿ ಕಪಾಟಿನಲ್ಲಿ ಬೆಲೆ ಚೀಟಿ ಹಚ್ಚಿ ಇಟ್ಟ ಸಾಮಾನೂ ಹಾಗೇ. ಇಂಗ್ಲೆಂಡಿನಲ್ಲಿ 1953ರಲ್ಲಿ ಬೂಟ್ಸ್ ಅನ್ನುವ ಔಷಧಿ ಅಂಗಡಿಯ ಕೇಸಿನಲ್ಲಿ ಇದೇ ತೀರ್ಮಾನ ಆಯಿತು: ಕಪಾಟಿನಲ್ಲಿ ಇಡುವುದು ಆಫರ್ ಅಲ್ಲ, ಗಿರಾಕಿ ಅದನ್ನು ಕ್ಯಾಷ್ ಕೌಂಟರಿಗೆ ತಂದಾಗ ಆಫರ್ ಕೊಡುವುದು ಗಿರಾಕಿ, ಒಪ್ಪುವುದು ಅಂಗಡಿಯವರು.

ನಮ್ಮ ಚಿಕ್ಕಪ್ಪ ತಿಪಟೂರು ಎಪಿಎಂಸಿಗೆ ಕೊಬ್ಬರಿ ಹಾಕುತ್ತಾರೆ. ಅವರ ಜೊತೆ ಒಂದು ಸಲ ಹೋದಾಗ ನನಗೆ ಈ ವಿಷಯ ಕಣ್ಣಮುಂದೆ ಕಂಡಿತು. ಚೀಲ ಇಳಿಸಿ ಲಾಟ್ ಮಾಡಿ ಇಡುವುದು ಆಹ್ವಾನ. ವರ್ತಕರು ಬಂದು ಕೊಬ್ಬರಿ ಮುರಿದು ನೋಡಿ, ಆಮೇಲೆ ಟೆಂಡರಿನಲ್ಲಿ ರೇಟ್ ಹಾಕುತ್ತಾರೆ. ಒಬ್ಬೊಬ್ಬರ ರೇಟೂ ಒಂದೊಂದು ಆಫರ್. ಎಲ್ಲಕ್ಕಿಂತ ಜಾಸ್ತಿ ಹಾಕಿದವರ ರೇಟ್ ಗೊತ್ತಾದ ಮೇಲೂ ಚಿಕ್ಕಪ್ಪ "ಈ ರೇಟಿಗೆ ಬೇಡ" ಅಂತ ಹೇಳಿ ಚೀಲ ವಾಪಸ್ ತರಬಹುದು, ಯಾಕಂದರೆ ಒಪ್ಪಿಗೆ ಕೊಡುವ ಜಾಗದಲ್ಲಿ ಇರುವವರು ಅವರು. ಒಪ್ಪಿದ ಮೇಲೆ ಮಾತ್ರ ಇಬ್ಬರೂ ಕಟ್ಟುಬಿದ್ದರು. ಒಂದು ದಿನವೂ ಕಾನೂನು ಓದದ ಚಿಕ್ಕಪ್ಪನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಮಡಿಕೇರಿಯ ಬಂಗಲೆ

ಬೆಲೆ ಹೇಳಿದ ಮಾತ್ರಕ್ಕೆ ಆಫರ್ ಆಗುವುದಿಲ್ಲ ಅನ್ನುವುದಕ್ಕೆ ನಮ್ಮ ನಾಡಿನದೇ ಒಂದು ಕೇಸು ಇದೆ. ಕಾನೂನು ಓದುವವರೆಲ್ಲ ಓದುತ್ತಾರೆ, ಆದರೆ ನಮ್ಮ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ, ಸುಪ್ರೀಂ ಕೋರ್ಟ್, 1951. ಮಡಿಕೇರಿಯಲ್ಲಿ ಒಂದು ಬಂಗಲೆ. ಕೊಳ್ಳಲು ಬಂದವರು 6,000 ರೂಪಾಯಿ ಕೊಡುತ್ತೇನೆ ಅಂದರು. ಊರಲ್ಲಿ ಇಲ್ಲದ ಮಾಲೀಕರಿಂದ ತಂತಿ ಬಂತು, "ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ" ಅಂತ. ಕೊಳ್ಳುವವರು ತಕ್ಷಣ "ಸರಿ, ಹತ್ತು ಸಾವಿರವೇ ಕೊಡುತ್ತೇನೆ" ಅಂದರು. ಆದರೆ ಬಂಗಲೆ ಅವರ ಕೈಗೆ ಬರಲಿಲ್ಲ. ಕೇಸು ಹಾಕಿದರು.

ಓದಿದ ಕೂಡಲೇ ನನಗೆ ಅನ್ನಿಸಿದ್ದು ಕೊಳ್ಳುವವರ ಕಡೆಯೇ ನ್ಯಾಯ ಇದೆ ಅಂತ. ಅವರು ಕೇಳಿದ ರೇಟನ್ನೇ ಒಪ್ಪಿದರಲ್ಲ, ಇನ್ನೇನು ಬೇಕು? ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. "ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ" ಅನ್ನುವುದಕ್ಕೂ "ಹತ್ತು ಸಾವಿರಕ್ಕೆ ನಿಮಗೆ ಕೊಡುತ್ತೇನೆ" ಅನ್ನುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಮಾತುಕತೆ ಎಲ್ಲಿಂದ ಶುರುವಾಗಬೇಕು ಅಂತ ತೋರಿಸುವುದು ಮಾತ್ರ. ಹತ್ತು ಸಾವಿರ ಕೊಡುತ್ತೇನೆ ಅಂದಾಗ ಆಫರ್ ಕೊಟ್ಟವರು ಕೊಳ್ಳುವವರು, ಅದನ್ನು ಮಾಲೀಕರು ಒಪ್ಪಲಿಲ್ಲ. ಹಾಗಾಗಿ ಕರಾರೇ ಇಲ್ಲ.

ಈ ಕೇಸು ಓದಿದ ಮೇಲೆ ಸೈಟು ನೋಡಲು ಹೋದಾಗ ಬ್ರೋಕರ್ ಆಡುವ ಮಾತು ನನಗೆ ಬೇರೆ ಥರ ಕೇಳಿಸತೊಡಗಿತು. "ಓನರ್ 40ಕ್ಕಿಂತ ಕೆಳಗೆ ಬರಲ್ಲ ಸರ್." ಇದು ಆಫರ್ ಅಲ್ಲ. ನೀವು 40 ಲಕ್ಷಕ್ಕೆ ಹೂಂ ಅಂದು ಮನೆಗೆ ಬಂದು ಸಿಹಿ ಹಂಚಿದರೂ ಓನರ್ ಮೇಲೆ ಯಾವ ಹೊಣೆಯೂ ಇಲ್ಲ. ಓನರ್ ಬಾಯಲ್ಲೇ, ಅಥವಾ ಅವರ ನಂಬರಿಂದಲೇ, "ಈ ಸೈಟನ್ನು ನಿಮಗೆ ಇಷ್ಟಕ್ಕೆ ಕೊಡುತ್ತೇನೆ" ಅನ್ನುವ ಮಾತು ಬರಬೇಕು. "ನಿಮಗೆ", "ಕೊಡುತ್ತೇನೆ" ಅನ್ನುವ ಆ ಎರಡು ಪದಕ್ಕೆ ಕಾಯಿರಿ.

ಇದರ ಉಲ್ಟಾ ಉದಾಹರಣೆಯೂ ಇದೆ. ಸಾಮಾನ್ಯವಾಗಿ ಜಾಹೀರಾತು ಆಹ್ವಾನ. ಆದರೆ ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ "ನಮ್ಮ ಔಷಧಿಯನ್ನು ದಿನಕ್ಕೆ ಮೂರು ಸಲ, ಎರಡು ವಾರ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ, ಅದಕ್ಕಾಗಿ 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೇವೆ" ಅಂತ ಹಾಕಿತು. ಕಾರ್ಲಿಲ್ ಅನ್ನುವ ಹೆಂಗಸು ಹಾಗೇ ಬಳಸಿದರು, ಜ್ವರ ಬಂತು, ಹಣ ಕೇಳಿದರು. ಕಂಪನಿ "ಅದು ಸುಮ್ನೆ ಜಾಹೀರಾತು" ಅಂತ ಜಾರಿಕೊಳ್ಳಲು ನೋಡಿತು. ಕೋರ್ಟ್ ಬಿಡಲಿಲ್ಲ. ಬ್ಯಾಂಕಿನಲ್ಲಿ ಹಣ ಇಟ್ಟಿದ್ದೇವೆ ಅಂದ ಮೇಲೆ ಅದು ಗಂಭೀರವಾದ ಮಾತು, ಯಾರು ಷರತ್ತು ಪೂರೈಸಿದರೂ ಅವರಿಗೆ ಕೊಟ್ಟ ಆಫರ್. ನೀವು ಫೇಸ್‌ಬುಕ್ಕಿನಲ್ಲಿ "ಕಳೆದ ನಾಯಿ ಹುಡುಕಿ ಕೊಟ್ಟವರಿಗೆ 5,000" ಅಂತ ಹಾಕುವಾಗಲೂ ಇದೇ ಲೆಕ್ಕ. ಹಾಕಿದಿರಾ, ತಂದುಕೊಟ್ಟವರಿಗೆ ಕೊಡಬೇಕು.

ಆದರೆ ಆಫರ್ ಗೊತ್ತಿಲ್ಲದೆ ಕೆಲಸ ಮಾಡಿದವರಿಗೆ ಹಕ್ಕಿಲ್ಲ. 1913ರ ಅಲಹಾಬಾದ್ ಹೈಕೋರ್ಟ್ ತೀರ್ಪು, ಲಾಲ್ಮನ್ ಶುಕ್ಲಾ ಅವರದು. ಯಜಮಾನರ ಅಣ್ಣನ ಅಥವಾ ತಮ್ಮನ ಮಗ ಕಾಣೆಯಾದಾಗ ಹುಡುಕಲು ಮುನೀಮರನ್ನು (ಲೆಕ್ಕ ಬರೆಯುವ ಗುಮಾಸ್ತರು, ಅವರೇ ಶುಕ್ಲಾ) ಕಳಿಸಿದರು, ಅವರು ಹೋದ ಮೇಲೆ 501 ರೂಪಾಯಿ ಬಹುಮಾನ ಅಂತ ಪ್ರಕಟವಾಯಿತು. ಹುಡುಗನನ್ನು ಕಂಡುಹಿಡಿದಾಗ ಮುನೀಮರಿಗೆ ಬಹುಮಾನದ ವಿಷಯವೇ ಗೊತ್ತಿರಲಿಲ್ಲ. ಆಮೇಲೆ ಕೇಳಿದರು, ಸಿಗಲಿಲ್ಲ. ಗೊತ್ತಿಲ್ಲದ್ದನ್ನು ಒಪ್ಪುವುದು ಹೇಗೆ ಅನ್ನುವುದು ಕೋರ್ಟಿನ ಮಾತು. ಕಾನೂನಿನ ಪ್ರಕಾರ ಸರಿ ಇರಬಹುದು, ನನಗೆ ಮಾತ್ರ ಆ ಮುನೀಮರ ಬಗ್ಗೆ ಇವತ್ತಿಗೂ ಸಂಕಟ ಆಗುತ್ತದೆ.

ಆಫರ್ ಬರೆಯುವುದು ಹೇಗೆ

ಈಗ ಕೆಲಸದ ಮಾತಿಗೆ ಬರೋಣ. ಮೊದಲು ತೀರ್ಮಾನ ಮಾಡಿ, ನಿಮಗೆ ಕಟ್ಟುಬೀಳುವ ಮನಸ್ಸಿದೆಯಾ ಇಲ್ಲವಾ. ಇಲ್ಲ ಅಂದರೆ ಅದನ್ನೇ ಬರೆಯಿರಿ. ಫೋನಿನಲ್ಲಿ ಯಾರಾದರೂ ಸುಮ್ನೆ ರೇಟ್ ಕೇಳಿದರೆ ನಾನು ಈಗ ಕಳಿಸುವುದು ಹೀಗೆ:

"ಇದು ಅಂದಾಜು ದರ ಮಾತ್ರ. ಆರ್ಡರ್ ಕೊಡುವ ದಿನ ಪೇಪರ್ ರೇಟ್ ನೋಡಿ ಕೊಟೇಶನ್ ಕೊಡುತ್ತೇವೆ."

ಇದಕ್ಕೆ ಅವರು "ಓಕೆ, ಮಾಡಿ" ಅಂದರೂ ನಾನು ಕಟ್ಟುಬಿದ್ದಿಲ್ಲ. ಅವರ "ಮಾಡಿ" ಅನ್ನುವುದೇ ಆಫರ್, ನಾನು ಒಪ್ಪಬಹುದು, ಬಿಡಬಹುದು. ಇನ್ನು ನಿಜವಾಗಿ ಆರ್ಡರ್ ಬೇಕು ಅಂತ ಇದ್ದಾಗ ಹೀಗೆ:

"ಶಾಲೆ ಡೈರಿ, 1,200 ಪ್ರತಿ. 96 ಪುಟ, 70 ಜಿಎಸ್‌ಎಂ ಮ್ಯಾಪ್‌ಲಿಥೋ, ಕವರ್ 250 ಜಿಎಸ್‌ಎಂ ಆರ್ಟ್ ಬೋರ್ಡ್, ಮ್ಯಾಟ್ ಲ್ಯಾಮಿನೇಷನ್, ಸೆಂಟರ್ ಪಿನ್. ಒಂದಕ್ಕೆ 48 ರೂ., ಜಿಎಸ್‌ಟಿ ಬೇರೆ. ಪ್ರೂಫ್ ಓಕೆ ಆದ ದಿನದಿಂದ 12 ಕೆಲಸದ ದಿನದಲ್ಲಿ ಡೆಲಿವರಿ. ಈ ದರ ಮಾರ್ಚ್ 31ರ ಸಂಜೆ 5 ಗಂಟೆವರೆಗೆ ಮಾತ್ರ. ಒಪ್ಪಿಗೆ ಇದ್ದರೆ ಅಷ್ಟರೊಳಗೆ ಇದೇ ನಂಬರಿಗೆ ಬರೆದು ತಿಳಿಸಿ, ಅರ್ಧ ಹಣ ಮುಂಗಡ ಕಳಿಸಿ. ಮುಂಗಡ ಬಂದ ಮೇಲೆಯೇ ಆರ್ಡರ್ ಖಚಿತ."

ಇದರಲ್ಲಿ ಒಂದೊಂದು ಸಾಲೂ ಒಂದೊಂದು ಜಗಳದಿಂದ ಬಂದದ್ದು. ಪೇಪರ್ ಯಾವುದು ಅಂತ ಬರೆಯದೆ "ಒಳ್ಳೆ ಪೇಪರ್" ಅಂತ ಬರೆದರೆ ಏನಾಗುತ್ತದೆ ಗೊತ್ತಾ? ಸೆಕ್ಷನ್ 29 ಪ್ರಕಾರ ಅರ್ಥ ಖಚಿತವಾಗಿ ಇಲ್ಲದ, ಖಚಿತ ಮಾಡಿಕೊಳ್ಳಲೂ ಆಗದ ಒಪ್ಪಂದ ಅಸಿಂಧು. ಕಾಯ್ದೆಯಲ್ಲೇ ಇದಕ್ಕೆ ಉದಾಹರಣೆ ಇದೆ, "ನೂರು ಟನ್ ಎಣ್ಣೆ ಮಾರುತ್ತೇನೆ" ಅಂದರೆ ಯಾವ ಎಣ್ಣೆ ಅಂತ ಯಾರಿಗೂ ಗೊತ್ತಾಗಲ್ಲ, ಹಾಗಾಗಿ ನಿಲ್ಲಲ್ಲ. ಅದೇ ಮಾತನ್ನು ಬರೀ ಕೊಬ್ಬರಿ ಎಣ್ಣೆ ವ್ಯಾಪಾರ ಮಾಡುವವರು ಹೇಳಿದರೆ ನಿಲ್ಲುತ್ತದೆ, ಯಾಕಂದರೆ ಅವರ ವ್ಯಾಪಾರವೇ ಅರ್ಥ ಹೇಳುತ್ತದೆ. ಈ ಉದಾಹರಣೆ ಓದಿದಾಗ 1872ರಲ್ಲಿ ಕೂತು ಕಾಯ್ದೆ ಬರೆದವರು ನಮ್ಮ ಕಡೆ ಸಂತೆಯನ್ನೂ ನೋಡಿದ್ದರೇನೋ ಅನ್ನಿಸಿತು.

ಎಲ್ಲಕ್ಕಿಂತ ಮುಖ್ಯ ತಾರೀಖು. ಸೆಕ್ಷನ್ 6 ಪ್ರಕಾರ ಆಫರಿನಲ್ಲಿ ಹೇಳಿದ ಅವಧಿ ಮುಗಿದರೆ ಆಫರ್ ತಾನಾಗಿ ಸತ್ತ ಹಾಗೆ. ಅವಧಿ ಹೇಳದಿದ್ದರೆ "ಸಮಂಜಸ ಕಾಲ" ಕಳೆದ ಮೇಲೆ. ಸಮಂಜಸ ಅಂದರೆ ಎಷ್ಟು? ತರಕಾರಿಗೆ ಒಂದು ದಿನ, ಜಮೀನಿಗೆ ಕೆಲವು ತಿಂಗಳು ಇರಬಹುದು, ಪೇಪರ್ ರೇಟಿಗೆ ಹದಿನೈದು ದಿನವೋ ಮೂರು ತಿಂಗಳೋ ಅಂತ ವಾದ ಮಾಡಿಕೊಂಡು ಕೂರಬೇಕು. ನನ್ನ ಡೈರಿ ಕೇಸಿನಲ್ಲಿ ನನ್ನ ಪರವಾಗಿ ಹೇಳಲು ಇದ್ದದ್ದು ಇದೊಂದೇ ಮಾತು. ಒಂದು ಸಾಲು ಬರೆದಿದ್ದರೆ ವಾದವೇ ಬೇಕಿರಲಿಲ್ಲ.

ಒಪ್ಪಿಗೆ ಹೇಗೆ ಕೊಡಬೇಕು ಅಂತಲೂ ನೀವೇ ಹೇಳಬಹುದು. ಸೆಕ್ಷನ್ 7 ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಒಂದು ಎಚ್ಚರಿಕೆ. "ಬರೆದು ತಿಳಿಸಿ" ಅಂತ ನೀವು ಹೇಳಿದ್ದರೂ ಅವರು ಫೋನಿನಲ್ಲಿ ಹೂಂ ಅಂದರು ಅನ್ನಿ. ಆಗ ನೀವು ಬೇಗನೆ "ಇಲ್ಲ, ಬರೆದೇ ಕಳಿಸಬೇಕು" ಅಂತ ಹೇಳಬೇಕು. ಸುಮ್ಮನಿದ್ದರೆ ಫೋನಿನ ಹೂಂ ಅನ್ನೇ ಒಪ್ಪಿಕೊಂಡ ಹಾಗೆ ಆಗುತ್ತದೆ.

ಆಫರ್ ವಾಪಸ್ ತಗೊಳ್ಳುವುದು

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಕರಾರು ಕಾಯ್ದೆ ಅಷ್ಟು ಕಟುವಾಗಿ ಇಲ್ಲ. ಎದುರಿನವರು ಒಪ್ಪಿ ಆಗುವವರೆಗೆ ಆಫರನ್ನು ಹಿಂದಕ್ಕೆ ತಗೊಳ್ಳಬಹುದು. "ಮಾರ್ಚ್ 31ರವರೆಗೆ" ಅಂತ ಬರೆದಿದ್ದರೂ 25ಕ್ಕೇ ವಾಪಸ್ ತಗೊಳ್ಳಬಹುದು, ಅಷ್ಟು ದಿನ ತೆರೆದಿಡಲು ಅವರಿಂದ ಏನಾದರೂ ಹಣ ಪಡೆದಿಲ್ಲದಿದ್ದರೆ. ಪಡೆದಿದ್ದರೆ ಮಾತ್ರ ಕಾಯಲೇಬೇಕು. ಜಮೀನು ಕೊಳ್ಳುವವರು ಇದನ್ನು ನೆನಪಿಡಿ. ಓನರ್ "ತಿಂಗಳ ಕೊನೆವರೆಗೆ ಬೇರೆಯವರಿಗೆ ಕೊಡಲ್ಲ" ಅಂತ ಬಾಯಲ್ಲಿ ಹೇಳಿದರೆ ಅದಕ್ಕೆ ಬಲ ಇಲ್ಲ. ಸಣ್ಣ ಮೊತ್ತವಾದರೂ ಕೊಟ್ಟು, ಯಾತಕ್ಕೆ ಕೊಟ್ಟಿದ್ದು ಅಂತ ಬರೆಸಿಕೊಳ್ಳಿ.

ವಾಪಸ್ ತಗೊಂಡದ್ದು ಅವರಿಗೆ ಗೊತ್ತಾಗಬೇಕು, ಅದು ಮುಖ್ಯ. ಮನಸ್ಸಿನಲ್ಲೇ ಬೇಡ ಅಂದುಕೊಂಡರೆ ಆಗಲ್ಲ. ವಾಟ್ಸಾಪ್‌ನಲ್ಲಿ ಮೆಸೇಜ್ ಡಿಲೀಟ್ ಮಾಡಿದರೆ ಮುಗಿಯಿತು ಅಂತ ನಮ್ಮ ಹುಡುಗರು ತಿಳಿದಿದ್ದಾರೆ, ಹಾಗಲ್ಲ. ಅವರು ಓದಿಬಿಟ್ಟಿರಬಹುದು, ಸ್ಕ್ರೀನ್‌ಶಾಟ್ ತೆಗೆದಿರಬಹುದು. "ಇಂಥ ದಿನ ಕಳಿಸಿದ ಕೊಟೇಶನ್ ಹಿಂದಕ್ಕೆ ಪಡೆದಿದ್ದೇವೆ" ಅಂತ ಬರೆದೇ ಕಳಿಸಿ.

ಯಾವ ಕ್ಷಣಕ್ಕೆ "ಒಪ್ಪಿ ಆಯಿತು" ಅನ್ನುವುದು ಒಪ್ಪಿಗೆಯನ್ನು ಯಾವ ದಾರಿಯಲ್ಲಿ ಕಳಿಸಿದರು ಅನ್ನುವುದರ ಮೇಲೆ ನಿಲ್ಲುತ್ತದೆ. ಅಂಚೆಯಲ್ಲಾದರೆ, ಒಪ್ಪಿಗೆ ಪತ್ರ ಪೋಸ್ಟ್ ಡಬ್ಬಿಗೆ ಬಿದ್ದ ಕ್ಷಣ ಆಫರ್ ಕೊಟ್ಟವರು ಕಟ್ಟುಬಿದ್ದರು. ಒಪ್ಪಿದವರು ಮಾತ್ರ ಪತ್ರ ತಲುಪುವ ಮುಂಚೆ ಬೇಡ ಅನ್ನಬಹುದು. ಫೋನಿನಲ್ಲಾದರೆ ಹಾಗಲ್ಲ. 1965ರಲ್ಲಿ ಸುಪ್ರೀಂ ಕೋರ್ಟ್ ಭಗವಾನ್‌ದಾಸ್ ಕೇಡಿಯಾ ಕೇಸಿನಲ್ಲಿ ಇದನ್ನು ನೋಡಿತು. ಅಹಮದಾಬಾದಿನಿಂದ ಫೋನ್ ಮಾಡಿ ಹತ್ತಿ ಬೀಜದ ಹಿಂಡಿ ಕೇಳಿದರು, ಖಾಮಗಾಂವ್‌ನವರು ಒಪ್ಪಿದರು. ಒಪ್ಪಿಗೆ ಕಿವಿಗೆ ಬಿದ್ದದ್ದು ಅಹಮದಾಬಾದಿನಲ್ಲಿ, ಹಾಗಾಗಿ ಕರಾರು ಅಲ್ಲೇ ಆಯಿತು, ಕೇಸೂ ಅಲ್ಲಿ ಹಾಕಬಹುದು ಅಂತ ತೀರ್ಪು ಬಂತು. ಹೊರಊರಿನವರ ಜೊತೆ ವ್ಯಾಪಾರ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ, ಜಗಳ ಆದರೆ ಯಾವ ಊರಿನ ಕೋರ್ಟಿಗೆ ಅಲೆಯಬೇಕು ಅನ್ನುವುದು ಇದರ ಮೇಲೂ ನಿಲ್ಲುತ್ತದೆ.

ಇಮೇಲ್, ವಾಟ್ಸಾಪ್ ಇವುಗಳಿಂದ ಕರಾರು ಆಗುತ್ತದಾ ಅಂತ ಕೇಳುವವರು ಇನ್ನೂ ಇದ್ದಾರೆ. ಆಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 10ಎ ಅದನ್ನು ಬಿಡಿಸಿ ಹೇಳುತ್ತದೆ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ಬಾಕ್ಸೈಟ್ ವ್ಯವಹಾರದಲ್ಲಿ, ಸಹಿ ಹಾಕಿದ ಅಗ್ರಿಮೆಂಟ್ ಇಲ್ಲದೆ ಬರೀ ಇಮೇಲ್ ಓಡಾಟದಿಂದಲೇ ಕರಾರು ಆಗಿದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕೆನಡಾದ ಸಸ್ಕಾಚೆವಾನ್‌ನಲ್ಲಿ 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊಳ್ಳುವವರು ಅಗಸೆ ಬೀಜದ ಕರಾರಿನ ಫೋಟೋ ಕಳಿಸಿ "ಒಪ್ಪಿಗೆ ತಿಳಿಸಿ" ಅಂದಾಗ ರೈತರು ಹೆಬ್ಬೆರಳಿನ ಎಮೋಜಿ ಹಾಕಿದ್ದರು. ತಲುಪಿದೆ ಅನ್ನುವುದಕ್ಕೆ ಹಾಕಿದ್ದು ಅಂತ ಅವರ ವಾದ. ಅದು ಸಹಿಗೆ ಸಮ ಅಂತ ಕೋರ್ಟ್ ತೀರ್ಮಾನಿಸಿತು, ಬೀಜ ಕೊಡದ ರೈತರು 82,000 ಡಾಲರ್‌ಗೂ ಜಾಸ್ತಿ ಕಟ್ಟಬೇಕಾಯಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೂ ನಾನು ರೇಟಿನ ಮೆಸೇಜಿಗೆ ಹೆಬ್ಬೆರಳು ಒತ್ತುವುದನ್ನು ಬಿಟ್ಟಿದ್ದೇನೆ. "ನೋಡಿದೆ, ನಾಳೆ ಹೇಳುತ್ತೇನೆ" ಅಂತ ಟೈಪ್ ಮಾಡುತ್ತೇನೆ.

ಆಫರ್ ನಿಮಗೆ ಬಂದಾಗ

ಇದು ನಾನು ಇನ್ನೊಂದು ಪೆಟ್ಟು ತಿಂದ ಜಾಗ. ಪ್ರೆಸ್ಸಿಗೆ ದೊಡ್ಡ ಮಳಿಗೆ ಹುಡುಕುತ್ತಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಿಕ್ಕಿತು. ಮಾಲೀಕರು "ತಿಂಗಳಿಗೆ 14,000, ಒಂದು ಲಕ್ಷ ಅಡ್ವಾನ್ಸ್, ನಿಮಗೆ ಕೊಡುತ್ತೇನೆ, ಭಾನುವಾರದೊಳಗೆ ಹೇಳಿ" ಅಂತ ಮೆಸೇಜ್ ಮಾಡಿದರು. ನನಗೆ 14,000ವೂ ಒಪ್ಪಿಗೆಯೇ. ಆದರೂ ಕೇಳಿದರೆ ತಪ್ಪೇನು ಅಂತ "ಸರಿ ಸರ್, 13,500 ಮಾಡಿಕೊಳ್ಳಿ" ಅಂತ ಹಾಕಿದೆ. ಉತ್ತರ ಇಲ್ಲ. ಮಾರನೇ ದಿನ, ಶುಕ್ರವಾರ, "ಆಯ್ತು ಸರ್, 14,000ಕ್ಕೇ ತಗೊಳ್ಳುತ್ತೇನೆ" ಅಂದೆ. "ಬೇರೆಯವರಿಗೆ ಕೊಟ್ಟಾಯ್ತಲ್ಲ" ಅಂದರು. ಭಾನುವಾರದವರೆಗೆ ಟೈಮ್ ಕೊಟ್ಟಿದ್ದರಲ್ಲ ಅಂತ ನಾನು ಊರೆಲ್ಲ ಅವರನ್ನು ಬೈದುಕೊಂಡು ತಿರುಗಿದೆ.

ತಪ್ಪು ನನ್ನದು. ಸೆಕ್ಷನ್ 7 ಹೇಳುವುದು, ಒಪ್ಪಿಗೆ ಪೂರ್ತಿ ಇರಬೇಕು, ಷರತ್ತು ಸೇರಿಸಬಾರದು. "13,500 ಮಾಡಿ" ಅಂದ ಕ್ಷಣ ನಾನು ಅವರ ಆಫರನ್ನು ತಳ್ಳಿಹಾಕಿ ನನ್ನದೇ ಹೊಸ ಆಫರ್ ಇಟ್ಟ ಹಾಗೆ. ತಳ್ಳಿಹಾಕಿದ ಆಫರ್ ಮತ್ತೆ ಎದ್ದು ಬರಲ್ಲ. 1840ರ ಇಂಗ್ಲೆಂಡಿನ ಹೈಡ್ ವಿರುದ್ಧ ರೆಂಚ್ ಕೇಸಿನಲ್ಲೂ ಇದೇ ಆದದ್ದು. ತೋಟಕ್ಕೆ 1,000 ಪೌಂಡ್ ಅಂದರು, ಕೊಳ್ಳುವವರು 950 ಅಂದರು, ಆಗಲ್ಲ ಅಂದ ಮೇಲೆ ಸರಿ 1,000ವೇ ಅಂದರು, ತಡವಾಗಿತ್ತು.

ಹಾಗಾದರೆ ಚೌಕಾಸಿಯೇ ಮಾಡಬಾರದಾ? ಮಾಡಿ, ಮಾತು ಆರಿಸಿ ಮಾಡಿ. ಪ್ರಶ್ನೆ ಕೇಳುವುದು ಬೇರೆ, ಹೊಸ ಆಫರ್ ಇಡುವುದು ಬೇರೆ. 1880ರಲ್ಲಿ ಸ್ಟೀವನ್ಸನ್ ವಿರುದ್ಧ ಮೆಕ್ಲೀನ್ ಅನ್ನುವ ಕಬ್ಬಿಣದ ವ್ಯಾಪಾರದ ಕೇಸಿನಲ್ಲಿ ಕೊಳ್ಳುವವರು "ಎರಡು ತಿಂಗಳಲ್ಲಿ ಡೆಲಿವರಿ ಆಗುತ್ತದಾ, ಇಲ್ಲದಿದ್ದರೆ ಎಷ್ಟು ಸಮಯ ಕೊಡುತ್ತೀರಿ" ಅಂತ ವಿಚಾರಿಸಿದ್ದರು. ಅದು ಬರೀ ವಿಚಾರಣೆ, ಮೊದಲ ಆಫರ್ ಜೀವಂತ ಇದೆ ಅಂತ ಕೋರ್ಟ್ ಹೇಳಿತು. ನಾನು ಆ ಮಳಿಗೆಗೆ ಹೀಗೆ ಬರೆಯಬೇಕಿತ್ತು: "ನಿಮ್ಮ 14,000ದ ಮಾತು ಹಾಗೇ ಇರಲಿ, ಭಾನುವಾರದೊಳಗೆ ಹೇಳುತ್ತೇನೆ. ಅಷ್ಟರಲ್ಲಿ ಒಂದು ವಿಚಾರ, ಸ್ವಲ್ಪ ಕಡಿಮೆ ಆಗುವ ಸಾಧ್ಯತೆ ಇದೆಯಾ?" ಹೀಗೆ ಬರೆದಿದ್ದರೂ ಅವರು ನನಗೆ ತಿಳಿಸಿ ಬೇರೆಯವರಿಗೆ ಕೊಡಬಹುದಿತ್ತು, ಅದು ಅವರ ಹಕ್ಕು. ಆದರೆ ತಿಳಿಸುವ ಮುಂಚೆ ನಾನು ಒಪ್ಪಿದ್ದರೆ ಮಳಿಗೆ ನನ್ನದು ಅಂತ ಗಟ್ಟಿಯಾಗಿ ಹೇಳಬಹುದಿತ್ತು.

ಮೌನದ ಬಗ್ಗೆ ಹೆದರಬೇಡಿ. "ನಾಳೆ ಸಂಜೆಯೊಳಗೆ ಏನೂ ಹೇಳದಿದ್ದರೆ ನೀವು ಒಪ್ಪಿದ ಹಾಗೆ" ಅಂತ ಯಾರಾದರೂ ಮೆಸೇಜ್ ಹಾಕಿದರೆ ನೀವು ಸುಮ್ಮನಿದ್ದ ಮಾತ್ರಕ್ಕೆ ಕಟ್ಟುಬೀಳುವುದಿಲ್ಲ. 1862ರ ಇಂಗ್ಲೆಂಡಿನ ಒಂದು ಕೇಸಿನಲ್ಲಿ ಒಬ್ಬ ತನ್ನ ಅಣ್ಣನ ಅಥವಾ ತಮ್ಮನ ಮಗನಿಗೆ ಕುದುರೆ ವಿಷಯದಲ್ಲಿ ಹೀಗೇ ಬರೆದು, ಉತ್ತರ ಬಾರದೆ ಕುದುರೆ ತನ್ನದು ಅಂತ ವಾದಿಸಿ ಸೋತ. ಆದರೆ ಕೆಲಸ ಮಾತಾಡುತ್ತದೆ. ಸೆಕ್ಷನ್ 8 ಪ್ರಕಾರ ಆಫರಿನಲ್ಲಿ ಕೇಳಿದ್ದನ್ನು ಮಾಡಿದರೆ, ಅಥವಾ ಅದರ ಜೊತೆ ಬಂದ ಹಣವೋ ವಸ್ತುವೋ ಇಟ್ಟುಕೊಂಡರೆ, ಒಪ್ಪಿದ ಹಾಗೆಯೇ. ಕೇಳದೆ ಇದ್ದರೂ ನಿಮ್ಮ ಖಾತೆಗೆ ಯಾರಾದರೂ ಮುಂಗಡ ಹಾಕಿದರೆ, ಬೇಡ ಅಂತಾದರೆ ಅವತ್ತೇ ವಾಪಸ್ ಕಳಿಸಿ, ಯಾಕೆ ಅಂತ ಬರೆಯಿರಿ.

ಸೈಟು, ಮನೆ ವಿಷಯದಲ್ಲಿ ಒಂದು ಮಾತು ಬೇರೆಯಾಗಿ ಹೇಳಬೇಕು. ಮಾರಾಟ ಪೂರ್ತಿ ಆಗುವುದು ರಿಜಿಸ್ಟರ್ ಆದ ಕ್ರಯಪತ್ರದಿಂದ ಮಾತ್ರ. ಕ್ರಯದ ಅಗ್ರಿಮೆಂಟಿನಿಂದ ಸೈಟಿನ ಮೇಲೆ ಹಕ್ಕು ಬರುವುದಿಲ್ಲ, ಮಾರಿಕೊಡಿ ಅಂತ ಒತ್ತಾಯಿಸುವ ದಾರಿ ಸಿಗುತ್ತದೆ ಅಷ್ಟೇ. ಟೋಕನ್ ಅಡ್ವಾನ್ಸ್ ಕೊಡುವಾಗ ರಸೀದಿಯಲ್ಲಿ ಬರೀ ಮೊತ್ತ ಬರೆಸಿ ಬರಬೇಡಿ. ಸೈಟ್ ನಂಬರ್, ಪೂರ್ತಿ ಬೆಲೆ, ಅಗ್ರಿಮೆಂಟ್ ಯಾವ ದಿನದೊಳಗೆ, ಕಾಗದಪತ್ರ ಸರಿ ಇಲ್ಲದಿದ್ದರೆ ಟೋಕನ್ ವಾಪಸ್ಸಾ, ನೀವೇ ಬೇಡ ಅಂದರೆ ಏನು, ಇಷ್ಟು ಇರಲಿ, ಓನರ್ ಸಹಿ ಇರಲಿ. ದೊಡ್ಡ ಮೊತ್ತ ಅಂದರೆ ವಕೀಲರಿಗೆ ತೋರಿಸಿಯೇ ಕೊಡಿ. ಅವರ ಫೀಸು ಉಳಿಸಲು ಹೋಗಿ ಲಕ್ಷಗಟ್ಟಲೆ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ.

ಕೊನೆಗೆ ಇವತ್ತೇ ಮಾಡಬಹುದಾದ ಒಂದು ಕೆಲಸ. ನಿಮ್ಮ ಫೋನಿನಲ್ಲಿ ತಾರೀಖಿಲ್ಲದೆ ಕಳಿಸಿದ ಹಳೆ ಕೊಟೇಶನ್‌ಗಳು ಇರುತ್ತವೆ. ಹುಡುಕಿ ತೆಗೆಯಿರಿ. ಉತ್ತರ ಬಾರದ ಒಂದೊಂದಕ್ಕೂ ಹೀಗೆ ಕಳಿಸಿ: "ಇಂಥ ದಿನ ಕಳಿಸಿದ ಕೊಟೇಶನ್ ಈ ತಿಂಗಳ 30ರ ಸಂಜೆ 5ರವರೆಗೆ ಮಾತ್ರ ಇರುತ್ತದೆ. ಆಮೇಲೆ ಬೇಕಾದರೆ ಹೊಸ ದರ ಕೇಳಿ." ನಾನು ಇದನ್ನು ಮಾಡಿದ ದಿನ ಹನ್ನೊಂದು ಮೆಸೇಜ್ ಹೋಯಿತು. ಇಬ್ಬರು ಅದೇ ವಾರ ಆರ್ಡರ್ ಕೊಟ್ಟರು.